ಪಾಸ್‌ಪೋರ್ಟ್ ಇದೆ, ಪಾಸ್‌ಬುಕ್ ಸಿಗುವುದಿಲ್ಲ

ಹೊರರಾಜ್ಯದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಬ್ಯಾಂಕಿನ ಕೌಂಟರಿನಲ್ಲಿ ಕೇಳುವ ಒಂದು ಪ್ರಶ್ನೆ ಬಾಯಿಪಾಠ. ‘ಇಲ್ಲಿಯ ವಿಳಾಸಕ್ಕೆ ಪುರಾವೆ ಏನಿದೆ?’ ಆಧಾರಿನಲ್ಲಿ ಧಾರವಾಡದ ಮನೆ, ಮತದಾರರ ಚೀಟಿಯಲ್ಲಿ ವಿಜಯಪುರದ ಓಣಿ, ವಾಸ ಮಾತ್ರ ಪುಣೆಯಲ್ಲಿ. ಹತ್ತಾರು ವರ್ಷ ಹಿಂದೆ ಈ ಪ್ರಶ್ನೆಗೆ ಉತ್ತರ ಹೊಂದಿಸುವುದೇ ಒಂದು ಸಾಹಸವಾಗಿತ್ತು. ಈಗ ಹಾಗಿಲ್ಲ. ಆಧಾರ್ ಮೂಲಕ ಖಾತೆ ತೆರೆಯುವವರು ತಮ್ಮ ಈಗಿನ ವಿಳಾಸ ಬೇರೆ ಇದ್ದರೆ ಸ್ವಯಂ ಘೋಷಣೆ ಕೊಟ್ಟರೆ ಸಾಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬೆರಳೊತ್ತಿ, ಒಂದು ಸಹಿ ಹಾಕಿ, ಅರ್ಧ ಗಂಟೆಯಲ್ಲಿ ಖಾತೆ ಸಂಖ್ಯೆ ಹಿಡಿದು ಹೊರಬರುವವರೇ ಹೆಚ್ಚು.

ನಮ್ಮ ಕಷ್ಟ ಕರಗಿತು. ಆದರೆ ಅದೇ ಸಾಲಿನಲ್ಲಿ ನಮ್ಮ ಹಿಂದೆ ನಿಂತವರ ಕಷ್ಟ ಹಾಗೇ ಇದೆ. ಪುಣೆಯ ಕಾಲೇಜುಗಳಿಗೆ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ದೇಶಗಳಿಂದ ಓದಲು ಬರುವವರು ದಶಕಗಳಿಂದ ಇದ್ದಾರೆ. ಹಿಂಜವಡಿ, ಚಾಕಣದ ಕಂಪನಿಗಳಿಗೆ ಕೆಲಸದ ಮೇಲೆ ಬಂದ ವಿದೇಶಿಯರೂ ಇದ್ದಾರೆ. ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿರುವ ಓದುಗರಿಗೂ ಇಂಥ ಸಹೋದ್ಯೋಗಿಗಳು, ನೆರೆಯವರು ಪರಿಚಯವಿದ್ದೇ ಇರುತ್ತಾರೆ. ಅವರು ಈ ದೇಶಕ್ಕೆ ಬಂದ ಮೊದಲ ತಿಂಗಳಲ್ಲಿ ಎದುರಿಸುವ ದೊಡ್ಡ ತೊಡಕು ಊಟದ್ದಲ್ಲ, ಭಾಷೆಯದ್ದಲ್ಲ, ಬ್ಯಾಂಕ್ ಖಾತೆಯದ್ದು.

ತೊಡಕು ಹೇಗೆ ಹುಟ್ಟುತ್ತದೆ ನೋಡಿ. ಬಾಡಿಗೆ ಮನೆ ಬೇಕೆಂದರೆ ಮಾಲೀಕ ಠೇವಣಿಯನ್ನು ಬ್ಯಾಂಕ್ ಮೂಲಕ ಕಳಿಸಿ ಎನ್ನುತ್ತಾನೆ. ಬ್ಯಾಂಕಿಗೆ ಹೋದರೆ ಬಾಡಿಗೆ ಕರಾರು ತನ್ನಿ ಎನ್ನುತ್ತಾರೆ. ಮೊಬೈಲ್ ಸಿಮ್ ಇಲ್ಲದೆ ಖಾತೆಯ ಅರ್ಜಿ ಮುಂದೆ ಹೋಗುವುದಿಲ್ಲ, ಸಿಮ್ ಅಂಗಡಿಯವನೂ ಸ್ಥಳೀಯ ವಿಳಾಸವನ್ನೇ ಕೇಳುತ್ತಾನೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಪಡೆದು ಓದಲು, ದುಡಿಯಲು ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಅಲ್ಲೂ ವಿಳಾಸ ಬೇಕು. ವಿದೇಶಿಯನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ಅದರ ಮಾಹಿತಿ ಸಲ್ಲಿಸಬೇಕು ಎಂಬ ನಿಯಮ ಕೇಳಿದೊಡನೆ ಅರ್ಧ ಮಾಲೀಕರು ಬಾಗಿಲು ಹಾಕಿಕೊಳ್ಳುತ್ತಾರೆ. ಮದುವೆ ಆಗುವವರೆಗೆ ಹುಚ್ಚು ಬಿಡದು, ಹುಚ್ಚು ಬಿಡುವವರೆಗೆ ಮದುವೆ ಆಗದು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ನಮಗೆ ದಾರಿ ತೆರೆದ ಆಧಾರ್ ಅವರಿಗೆ ಆಗುವುದಿಲ್ಲವೇ? ಆಗುತ್ತದೆ, ಆದರೆ ತಡವಾಗಿ. ವಿದೇಶಿಯೊಬ್ಬರು ಆಧಾರಿಗೆ ಅರ್ಜಿ ಹಾಕಬೇಕಾದರೆ ಅದಕ್ಕೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದಿರಬೇಕು. ಅಂದರೆ ಖಾತೆ ತುರ್ತಾಗಿ ಬೇಕಾದ ಮೊದಲ ಆರು ತಿಂಗಳು ಆ ದಾರಿ ಮುಚ್ಚಿರುತ್ತದೆ. ಇಡೀ ಬ್ಯಾಂಕಿಂಗ್ ವ್ಯವಸ್ಥೆಯೇ ಆಧಾರಿನ ಸುತ್ತ ಹೊಂದಿಕೊಂಡಿರುವಾಗ ಆ ಹನ್ನೆರಡು ಅಂಕಿ ಇಲ್ಲದವನ ಅರ್ಜಿ ಕಂಪ್ಯೂಟರಿನ ಪರದೆಯಲ್ಲಿ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತದೆ. ಗುಮಾಸ್ತರು ಕೆಟ್ಟವರೆಂದಲ್ಲ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುವ ಇಂಥ ಅರ್ಜಿಯನ್ನು ಹೇಗೆ ತುಂಬಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಿಯಮವೇ ಇಲ್ಲ ಎಂದಿದ್ದರೆ ಸರ್ಕಾರವನ್ನು ದೂರಬಹುದಿತ್ತು. ಸೋಜಿಗವೆಂದರೆ ನಿಯಮ ಇದೆ, ಸಾಕಷ್ಟು ಉದಾರವಾಗಿಯೂ ಇದೆ. ಗ್ರಾಹಕರ ಗುರುತು ದೃಢೀಕರಣ, ಅಂದರೆ ಕೆವೈಸಿ ಕುರಿತು ರಿಸರ್ವ್ ಬ್ಯಾಂಕ್ ಹೊರಡಿಸಿದ ಸಮಗ್ರ ನಿರ್ದೇಶನದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಸೌಲಭ್ಯವನ್ನು ಹೇಳಲಾಗಿದೆ. ವೀಸಾ ಇರುವ ಪಾಸ್‌ಪೋರ್ಟ್, ಒಂದು ಫೋಟೊ, ಭಾರತದ ಶಿಕ್ಷಣ ಸಂಸ್ಥೆ ಕೊಟ್ಟ ಪ್ರವೇಶ ಪತ್ರ ಇಷ್ಟಿದ್ದರೆ ಅವರ ಹೆಸರಿನಲ್ಲಿ ಎನ್‌ಆರ್‌ಒ ಖಾತೆ ತೆರೆಯಬಹುದು. ಸ್ಥಳೀಯ ವಿಳಾಸವನ್ನು ಅಂದೇ ಕೊಡಬೇಕಾಗಿಲ್ಲ. 30 ದಿನದೊಳಗೆ ಘೋಷಿಸಿದರೆ ಆಯಿತು, ಬ್ಯಾಂಕ್ ಅದನ್ನು ಪರಿಶೀಲಿಸುತ್ತದೆ. ಅಲ್ಲಿಯವರೆಗೆ ವಿದೇಶದಿಂದ ಬರುವ ಹಣಕ್ಕೆ 1,000 ಡಾಲರಿನ ಮಿತಿ, ಖಾತೆಯ ವ್ಯವಹಾರಕ್ಕೆ 50 ಸಾವಿರ ರೂಪಾಯಿಯ ಮಿತಿ. ಪಾಕಿಸ್ತಾನದ ವಿದ್ಯಾರ್ಥಿಗಳಿಗೆ ಮಾತ್ರ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು.

ಕೆಲಸಕ್ಕೆ ಬಂದವರ ವಿಷಯ ಇನ್ನೂ ಸರಳ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಾದ 1999ರ ಫೆಮಾ ‘ನಿವಾಸಿ’ ಎಂಬುದನ್ನು ಪೌರತ್ವದಿಂದ ಅಳೆಯುವುದಿಲ್ಲ. ಇಲ್ಲಿ ಉದ್ಯೋಗಕ್ಕೆಂದು ಬಂದು ನೆಲೆಸಿದ ವಿದೇಶಿಯರು ಸಾಮಾನ್ಯವಾಗಿ ನಿವಾಸಿಗಳ ಲೆಕ್ಕಕ್ಕೇ ಬರುತ್ತಾರೆ. ನಮ್ಮ ನಿಮ್ಮಂತೆ ಮಾಮೂಲಿ ಉಳಿತಾಯ ಖಾತೆಯನ್ನೇ ತೆರೆಯಬಹುದು. ವಿದೇಶಿಯರು ಕೊಡುವ ಗುರುತಿನ ದಾಖಲೆಯಲ್ಲಿ ವಿಳಾಸ ಇಲ್ಲದಿದ್ದರೆ ಅವರ ದೇಶದ ಸರ್ಕಾರಿ ಇಲಾಖೆ ಕೊಟ್ಟ ದಾಖಲೆ ಹಾಗೂ ಭಾರತದಲ್ಲಿರುವ ಅವರ ರಾಯಭಾರ ಕಚೇರಿಯ ಪತ್ರವನ್ನು ವಿಳಾಸದ ಪುರಾವೆಯಾಗಿ ಒಪ್ಪಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ. ಈ ಸಾಲು ಎಷ್ಟು ಶಾಖೆಗಳ ಕೌಂಟರಿಗೆ ತಲುಪಿದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬ್ಯಾಂಕಿನವರ ಮಾತನ್ನೂ ಕೇಳಬೇಕು. 2002ರ ಅಕ್ರಮ ಹಣ ತಡೆ ಕಾಯ್ದೆ ಇದೆ. ಖಾತೆ ತೆರೆದವನು ನಾಳೆ ವಂಚನೆ ಮಾಡಿದರೆ ವಿಚಾರಣೆ ಎದುರಿಸುವವರು ಅರ್ಜಿಗೆ ಸಹಿ ಹಾಕಿದ ಅಧಿಕಾರಿ. ಆನ್‌ಲೈನ್ ವಂಚನೆಯ ಹಣ ಬೇರೆಯವರ ಬಾಡಿಗೆ ಖಾತೆಗಳಲ್ಲಿ ಹರಿದು ಮಾಯವಾಗುವುದನ್ನು ದಿನವೂ ಓದುತ್ತೇವೆ. ಕೆಲವು ಸಾವಿರ ರೂಪಾಯಿ ಉಳಿಸುವ ಒಬ್ಬ ವಿದ್ಯಾರ್ಥಿಯಿಂದ ಬ್ಯಾಂಕಿಗೆ ಬರುವ ಲಾಭ ಅಷ್ಟಕ್ಕಷ್ಟೇ, ತಲೆನೋವು ಮಾತ್ರ ದೊಡ್ಡದು. ಹಾಗಿರುವಾಗ ‘ಮುಖ್ಯ ಶಾಖೆಗೆ ಹೋಗಿ’ ಎಂದು ಸಾಗಹಾಕುವುದು ಸುಲಭ.

ಈ ಭಯ ಸುಳ್ಳಲ್ಲ. ಆದರೆ ಅದಕ್ಕೆ ಕಂಡುಕೊಂಡ ಪರಿಹಾರ ಭಯವನ್ನೇ ನಿಜ ಮಾಡುತ್ತದೆ. ಖಾತೆ ಸಿಗದವನು ಹಣವಿಲ್ಲದೆ ಬದುಕುವುದಿಲ್ಲ. ಇನ್ನೊಬ್ಬರ ಖಾತೆ ಹುಡುಕುತ್ತಾನೆ. ಊರಿನಿಂದ ಅಪ್ಪ ಕಳಿಸಿದ ಹಣ ಸಹಪಾಠಿಯ ಖಾತೆಗೆ ಬರುತ್ತದೆ, ಸಂಬಳ ಸ್ನೇಹಿತನ ಖಾತೆಗೆ. ಹಣ ಯಾರದ್ದು, ಯಾಕೆ ಬಂತು ಎಂಬುದು ದಾಖಲೆಯಲ್ಲಿ ಇರುವುದಿಲ್ಲ. ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಪತ್ರ ಮೂರನ್ನೂ ಪರಿಶೀಲಿಸಿ, ಮಿತಿ ಹಾಕಿ, ಕಣ್ಣೆದುರಿಗೇ ಇಟ್ಟುಕೊಳ್ಳಬಹುದಾಗಿದ್ದ ವ್ಯವಹಾರವನ್ನು ಬ್ಯಾಂಕು ತಾನಾಗಿಯೇ ಕತ್ತಲಿಗೆ ತಳ್ಳಿದಂತಾಯಿತು.

ಇಲ್ಲಿ ನಮ್ಮವರಿಗೂ ಒಂದು ಎಚ್ಚರಿಕೆ ಹೇಳಬೇಕು. ಕನ್ನಡಿಗರದ್ದು ಕರಗುವ ಮನಸ್ಸು. ‘ಎರಡು ತಿಂಗಳು ನಿನ್ನ ಖಾತೆ ಸಂಖ್ಯೆ ಕೊಡು’ ಎಂದು ಸಹೋದ್ಯೋಗಿ ಕೇಳಿದರೆ ಇಲ್ಲ ಎನ್ನಲು ನಾಲಿಗೆ ಬರುವುದಿಲ್ಲ. ಆದರೆ ಬಂದ ಹಣದ ಮೂಲದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಸ್ಥಗಿತವಾಗುವುದು ನಿಮ್ಮ ಖಾತೆ. ಪೊಲೀಸರ ಪ್ರಶ್ನೆಗೆ, ತೆರಿಗೆ ಇಲಾಖೆಯ ನೋಟಿಸಿಗೆ ಉತ್ತರಿಸಬೇಕಾದವರೂ ನೀವೇ. ಖಾತೆ ಕೊಡಬೇಡಿ, ಜೊತೆಗೆ ಬ್ಯಾಂಕಿಗೆ ಹೋಗಿ. ನಿಯಮದ ಪ್ರತಿ ತೆಗೆದುಕೊಂಡು ಹೋಗಿ, ಸ್ಥಳೀಯ ಭಾಷೆಯಲ್ಲಿ ಎರಡು ಮಾತು ಆಡಿ. ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. 14448 ಅದರ ಸಹಾಯವಾಣಿ. ಬರಹದಲ್ಲಿ ಕೇಳಿದಾಗ ಎಷ್ಟೋ ‘ಆಗುವುದಿಲ್ಲ’ಗಳು ‘ನಾಳೆ ಬನ್ನಿ’ ಎಂದು ಮೆತ್ತಗಾಗುತ್ತವೆ.

ಆದರೆ ಇದೆಲ್ಲ ಜೊತೆಗೆ ಹೋಗಲು ಯಾರಾದರೂ ಇದ್ದವರ ಮಾತು. ಯಾರೂ ಇಲ್ಲದವರಿಗೆ ಹಕ್ಕು ಬೇಕು, ಉಪಕಾರವಲ್ಲ. ನಮ್ಮ ನಿಯಮದ ದೌರ್ಬಲ್ಯ ಇರುವುದು ಒಂದೇ ಪದದಲ್ಲಿ. ವಿದ್ಯಾರ್ಥಿಗೆ ಖಾತೆ ತೆರೆಯುವುದನ್ನು ಅದು ಬ್ಯಾಂಕಿನ ‘ಇಚ್ಛೆ’ಗೆ ಬಿಟ್ಟಿದೆ. ಯುರೋಪ್ ಈ ಹೊಸ್ತಿಲನ್ನು ದಾಟಿದೆ. ಫ್ರಾನ್ಸಿನಲ್ಲಿ ಖಾತೆಯ ಹಕ್ಕು 1984ರ ಬ್ಯಾಂಕಿಂಗ್ ಕಾನೂನಿನಿಂದಲೇ ಇದೆ. ಬ್ಯಾಂಕು ನಿರಾಕರಿಸಿದರೆ ಅಲ್ಲಿಯ ಕೇಂದ್ರ ಬ್ಯಾಂಕೇ ಒಂದು ಬ್ಯಾಂಕನ್ನು ಗೊತ್ತುಮಾಡಿ ಖಾತೆ ತೆರೆಸುತ್ತದೆ. 2014ರಲ್ಲಿ ಯುರೋಪಿಯನ್ ಒಕ್ಕೂಟ ಹೊರಡಿಸಿದ ನಿರ್ದೇಶನದಂತೆ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಯಾರಿಗೂ, ಕಾಯಂ ವಿಳಾಸವಿಲ್ಲದವರಿಗೂ, ಆಶ್ರಯ ಕೋರಿ ಬಂದವರಿಗೂ ಮೂಲಭೂತ ಖಾತೆ ಪಡೆಯುವ ಹಕ್ಕಿದೆ. ಅರ್ಜಿ ಪೂರ್ಣವಾಗಿ ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕು ಖಾತೆ ತೆರೆಯಬೇಕು ಇಲ್ಲವೇ ನಿರಾಕರಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಜರ್ಮನಿಯಲ್ಲಿ ‘ಬಾಸಿಸ್‌ಕೊಂಟೊ’ ಎಂಬ ಹೆಸರಿನಲ್ಲಿ ಇದು 2016ರ ಜೂನ್‌ನಿಂದ ನಡೆಯುತ್ತಿದೆ. ಕಂಪನಿಯ ಕೆಲಸದ ಮೇಲೆ, ಓದಿನ ನೆಪದಲ್ಲಿ ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೂ ಆ ಹಕ್ಕು ಅನ್ವಯಿಸುತ್ತದೆ. ಅಲ್ಲೂ ಅಕ್ರಮ ಹಣದ ತಪಾಸಣೆ ಇದೆ, ಕಟ್ಟುನಿಟ್ಟಾಗಿಯೇ ಇದೆ. ತಪಾಸಣೆ ಮತ್ತು ಹಕ್ಕು ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾವು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಮೊದಲನೆಯದಾಗಿ, ‘ಇಚ್ಛೆ’ ಎಂಬ ಪದ ಹೋಗಿ ‘ಕಡ್ಡಾಯ’ ಬರಲಿ. ಮೊತ್ತದ ಮಿತಿಗಳು ಈಗಿರುವಂತೆಯೇ ಇರಲಿ. ಎರಡನೆಯದು, ನಿರಾಕರಣೆ ಬಾಯಿಮಾತಿನಲ್ಲಿ ಆಗಕೂಡದು. ಗೊತ್ತುಪಡಿಸಿದ ದಿನಗಳೊಳಗೆ ಕಾರಣ ಬರಹದಲ್ಲಿ ಸಿಗಲಿ. ಮೂರನೆಯದು, ವಿದೇಶಿ ವಿದ್ಯಾರ್ಥಿಗಳು ಹೆಚ್ಚಿರುವ ಪುಣೆ, ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಪ್ರತಿ ಬ್ಯಾಂಕಿನ ಒಂದು ಶಾಖೆಗಾದರೂ ಈ ಕೆಲಸ ಬಲ್ಲ ಸಿಬ್ಬಂದಿ ಇರಲಿ, ಆ ಶಾಖೆ ಯಾವುದೆಂದು ಕಾಲೇಜಿನ ಪ್ರವೇಶ ಪತ್ರದ ಜೊತೆಗೇ ತಿಳಿಸಲಿ. ಪ್ರವೇಶ ಶುಲ್ಕ ಡಾಲರಿನಲ್ಲಿ ಎಣಿಸಿಕೊಳ್ಳುವ ಸಂಸ್ಥೆಗಳಿಗೆ ಇಷ್ಟು ಜವಾಬ್ದಾರಿ ಭಾರವಾಗಲಾರದು.

ಎರಡು ವಾರಕ್ಕೆ ಬರುವ ಪ್ರವಾಸಿಗನಿಗೆ ಮೊಬೈಲಿನಲ್ಲಿ ಯುಪಿಐ ಪಾವತಿಯ ಸೌಲಭ್ಯ ಕೊಡಲು 2023ರ ಜಿ20 ಸಮಾವೇಶದ ಹೊತ್ತಿಗೆ ನಾವು ದಾರಿ ಹುಡುಕಿದೆವು. ಮೂರು ವರ್ಷ ಓದಲು, ದುಡಿಯಲು ಬಂದವರಿಗೆ ಒಂದು ಉಳಿತಾಯ ಖಾತೆ ಕೊಡಲು ದಾರಿಯಿಲ್ಲ ಎನ್ನುವುದು ಒಪ್ಪುವ ಮಾತಲ್ಲ. ಪರಸ್ಥಳದಲ್ಲಿ ಪುರಾವೆ ಕೇಳಿಸಿಕೊಂಡ ಅನುಭವ ನಮಗಿದೆ. ಆ ಪ್ರಶ್ನೆ ನಮಗೆ ನಿಂತುಹೋದ ಮಾತ್ರಕ್ಕೆ ಎಲ್ಲರಿಗೂ ನಿಂತಿತು ಎಂದುಕೊಳ್ಳದೆ, ಸಾಲಿನಲ್ಲಿ ಹಿಂದೆ ನಿಂತವರ ಪರವಾಗಿ ಒಂದು ಅರ್ಜಿ ಬರೆಯಲು ಹೊರನಾಡಿನ ಕನ್ನಡಿಗರಿಗಿಂತ ತಕ್ಕವರು ಬೇರೆ ಯಾರಿದ್ದಾರೆ?