ಕೆಂಪು ಸ್ಟಿಕ್ಕರ್‌ಗೆ ಹೆದರಬೇಡಿ, ಬಚ್ಚಿಡಲೂ ಬೇಡಿ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸರಣಿ ಸಾವು ನಮ್ಮನ್ನೆಲ್ಲ ಬೆಚ್ಚಿಬೀಳಿಸಿತ್ತು. ಡ್ರಿಪ್‌ನಲ್ಲಿ ಏರಿಸಿದ ದ್ರಾವಣದ ಮೇಲೆ ಅನುಮಾನ ಎದ್ದಿತು. ಆಮೇಲೆ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಾದ 464 ತಾಯಂದಿರ ಸಾವನ್ನು ಪರಿಶೀಲಿಸಿತು. 2025ರಲ್ಲಿ ಬಂದ ವರದಿ ಹೇಳಿದ್ದೇನು ಗೊತ್ತೇ? ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು!

ಡ್ರಿಪ್‌ಗೆ ನಂಟಿದ್ದದ್ದು ಅದರಲ್ಲಿ ಸಣ್ಣ ಪಾಲು. ಹಾಗಾದರೆ ತಪ್ಪಿಸೋ ಕೆಲಸ ಎಲ್ಲಿಂದ ಶುರುವಾಗಬೇಕು? ತಿಂಗಳ ಚೆಕಪ್‌ನಲ್ಲಿ ಸಿಸ್ಟರ್ ಕೂರುವ ಮೇಜಿನಿಂದಲೇ.

ಸ್ಕ್ಯಾನಿಂಗೇ ಮುಖ್ಯ, ತೂಕ-ಬಿಪಿ ನೋಡೋದು ಬರೀ ಶಾಸ್ತ್ರ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಏರುವ ಬಿಪಿ ಮೊದಲು ಸಿಕ್ಕಿಬೀಳುವುದು ಅಲ್ಲೇ. ಬಿಪಿ 140/90 ಮುಟ್ಟಿದರೆ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಸಕ್ಕರೆ 140 ದಾಟಿದರೆ ಎಚ್ಚರ ಬೇಕು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ ಕೂಡ ಅಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥವರ ತಾಯಿ ಕಾರ್ಡ್‌ಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಅದು ಅಪಶಕುನವಲ್ಲ. ರಕ್ತ, ತಜ್ಞರು ಎರಡೂ ಇರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ ಅನ್ನುವ ಮುನ್ಸೂಚನೆ.

ಆದರೆ ಮೊದಲ ತಿಂಗಳು ಎಲ್ಲ ಸರಿ ಇದ್ದವಳಿಗೆ ಎಂಟನೇ ತಿಂಗಳಲ್ಲಿ ಬಿಪಿ ಏರಬಹುದು. ಅದಕ್ಕೇ ಪ್ರತಿ ಸಲವೂ ನೋಡಬೇಕು, ಬರೆಸಬೇಕು. ತವರಿಗೆ ಹೋಗುವಾಗ ಸೀರೆ-ಬಳೆ ಜತೆ ಹಳೇ ರಿಪೋರ್ಟ್‌ಗಳನ್ನೂ ಕಟ್ಟಿಕೊಡಿ. ಹಿಂದೆ ಗರ್ಭಪಾತವಾಗಿತ್ತು, ಫಿಟ್ಸ್ ಬಂದಿತ್ತು ಅನ್ನೋದನ್ನು ಅತ್ತೆ ಮುಂದೆ ಹೇಳಲು ಸಂಕೋಚವೇ? ಸಿಸ್ಟರ್ ಹತ್ತಿರ ಒಬ್ಬಳೇ ಮಾತಾಡಬೇಕು ಅಂತ ಕೇಳಿ, ತಪ್ಪೇನಿಲ್ಲ.

ವಿಪರೀತ ತಲೆನೋವು, ಕಣ್ಣು ಮಂಜಾಗೋದು, ಮುಖ ಊದಿಕೊಳ್ಳೋದು, ರಕ್ತಸ್ರಾವ, ನೀರು ಹೋಗೋದು, ಮಗುವಿನ ಓಡಾಟ ಕಡಿಮೆಯಾಗೋದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಹೆರಿಗೆಯಾಯ್ತು ಅಂತ ಮೈಮರೆಯಲೂ ಬೇಡಿ. ತಲೆನೋವು, ಜ್ವರ, ರಕ್ತಸ್ರಾವದ ಅಪಾಯ ಬಾಣಂತನದಲ್ಲೂ ಇರುತ್ತದೆ.

ಇನ್ನೊಂದು ಮಾತು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇದೆ. ನಿಮ್ಮ ಮನೆಗೆಲಸದಾಕೆ ಬಸುರಿಯಾಗಿದ್ದರೆ ಅವತ್ತು ಸಂಬಳ ಹಿಡಿಯದೆ ರಜೆ ಕೊಡಿ. ಪಾತ್ರೆ ಒಂದು ದಿನ ಸಿಂಕಿನಲ್ಲಿದ್ದರೆ ಏನೂ ಆಗಲ್ಲ.