ಅಂಗಳದಲ್ಲಿ ಬಿಚ್ಚಿದ ಕಂಪ್ರೆಸರ್

ಸಹೋದರಿಯರೇ, ಈ ತಿಂಗಳು ಅಡುಗೆಮನೆಯ ಮಾತನ್ನು ಬದಿಗಿಟ್ಟು ಕಾರಿನ ಬೋನೆಟ್ ತೆರೆಯೋಣ. 'ಅದು ಗಂಡಸರ ವಿಷಯ' ಎಂದು ಪುಟ ಮಗುಚಬೇಡಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಗಂಡಸರು ಇರುವುದು ದುಬೈಯಲ್ಲಿ ಅಥವಾ ದಮ್ಮಾಮ್‌ನಲ್ಲಿ. ಕಾರು ಇರುವುದು ಅಂಗಳದಲ್ಲಿ. ಅದನ್ನು ಓಡಿಸುವವರು, ಗ್ಯಾರೇಜಿಗೆ ಕೊಂಡೊಯ್ಯುವವರು, ಅಲ್ಲಿ ಸ್ಟೂಲಿನ ಮೇಲೆ ಕುಳಿತು ಬಿಲ್ಲಿಗೆ ಕಾಯುವವರು ನೀವೇ. ಬಿಲ್ಲಿನಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹಣ ಎಣಿಸಿ ಕೊಟ್ಟು ಬಂದವರಲ್ಲಿ ನಾನೂ ಒಬ್ಬಳು.

ಕಾಪುವಿನ ನಮ್ಮ ಮನೆಯಲ್ಲಿರುವುದು ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಅದರಲ್ಲಿ ಎ.ಸಿ. ಹಾಕುವುದು ದುಂದುವೆಚ್ಚ ಎಂದೇ ನಾನು ಬಹಳ ಕಾಲ ಭಾವಿಸಿದ್ದೆ. ಅತ್ತೆಗೆ ಡಯಾಲಿಸಿಸ್ ಆರಂಭವಾದ ಮೇಲೆ ಆ ಅಭಿಪ್ರಾಯ ಬದಲಾಯಿತು. ವಾರಕ್ಕೆರಡು ಸಲ ಮಣಿಪಾಲಕ್ಕೆ ಹೋಗಬೇಕು. ಡಯಾಲಿಸಿಸ್ ಮಾಡಿಸುವವರಿಗೆ ಕುಡಿಯುವ ನೀರಿಗೂ ಲೆಕ್ಕವಿದೆ. ದಿನಕ್ಕೆ ಇಷ್ಟೇ ಎಂದು ವೈದ್ಯರು ಹೇಳಿರುತ್ತಾರೆ. ಎಪ್ರಿಲ್ ತಿಂಗಳ ಮಧ್ಯಾಹ್ನ ಹೆದ್ದಾರಿಯಲ್ಲಿ ಬೆವರಿ ಬಾಯಾರಿದ ಅತ್ತೆ ನೀರಿನ ಬಾಟಲಿಯನ್ನೇ ನೋಡುತ್ತಾ ಕುಳಿತಿದ್ದರೆ, ಒಂದು ಗುಟುಕಿಗಿಂತ ಹೆಚ್ಚು ಕೊಡಲಾಗದ ಸೊಸೆಯ ಸಂಕಟ ಅನುಭವಿಸಿದವರಿಗೇ ಗೊತ್ತು. ಅಂತಹ ಎಪ್ರಿಲ್‌ನಲ್ಲೇ ನಮ್ಮ ಎ.ಸಿ. ನಿಂತುಹೋಯಿತು.

ನಿಜ ಹೇಳಬೇಕೆಂದರೆ ಅದು ಒಂದೇ ದಿನದಲ್ಲಿ ನಿಂತದ್ದಲ್ಲ. ನನ್ನ ತವರು ಕಾರ್ಕಳ. ಎರಡು ವರ್ಷಗಳ ಹಿಂದೆ ಪಡುಬಿದ್ರಿ, ಬೆಳ್ಮಣ್ ದಾರಿಯಾಗಿ ಅಲ್ಲಿಗೆ ಹೋಗುವಾಗ ತಣ್ಣನೆಯ ಗಾಳಿ ಕಡಿಮೆಯಾದದ್ದು ಗಮನಕ್ಕೆ ಬಂದಿತ್ತು. ಗ್ಯಾರೇಜಿನವರು 'ಗ್ಯಾಸ್ ಖಾಲಿಯಾಗಿದೆ' ಎಂದು ತುಂಬಿಸಿ ಕೊಟ್ಟರು. ಮರುವರ್ಷ ಮತ್ತೆ ತುಂಬಿಸಿದೆ. ಆರು ತಿಂಗಳಾಗುವಷ್ಟರಲ್ಲಿ ಇನ್ನೊಮ್ಮೆ. ಅಡುಗೆ ಸಿಲಿಂಡರಿನಂತೆ ಇದೂ ಮುಗಿಯುವ ವಸ್ತು ಎಂದು ನಾನು ತಿಳಿದಿದ್ದೆ.

ಅದು ಹಾಗಲ್ಲ. ಕಾರಿನ ಎ.ಸಿ. ಗ್ಯಾಸ್ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಬಿಸಿಯನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಮತ್ತೆ ಹಬೆಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಬಹಳ ವರ್ಷಗಳಲ್ಲಿ ಸ್ವಲ್ಪ ಕಡಿಮೆಯಾಗಬಹುದು. ಆದರೆ ವರ್ಷ ವರ್ಷವೂ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕಂಪ್ರೆಸರಿಗೆ ಬೇಕಾದ ಎಣ್ಣೆ ಈ ಗ್ಯಾಸಿನ ಜೊತೆಗೇ ಹರಿಯುತ್ತದೆ. ಗ್ಯಾಸ್ ಸೋರಿದಲ್ಲಿ ಎಣ್ಣೆಯೂ ಸೋರುತ್ತದೆ. ಮೂರು ಸಲ ಗ್ಯಾಸ್ ತುಂಬಿಸಿದ ನಾನು ಒಮ್ಮೆಯೂ ಸೋರಿಕೆ ಹುಡುಕಿಸಲಿಲ್ಲ. ಕಂಪ್ರೆಸರ್ ಎಣ್ಣೆಯಿಲ್ಲದೆ ಒಣಗಿ ಕೊನೆಗೊಂದು ದಿನ ಬಿಗಿದುಕೊಂಡಿತು.

ಗ್ಯಾರೇಜಿನವರು ಐದು ನಿಮಿಷ ಬಗ್ಗಿ ನೋಡಿ, "ಕಂಪ್ರೆಸರ್ ಹೋಗಿದೆ ಮೇಡಂ, ಎಲ್ಲ ಸೇರಿ 30 ಸಾವಿರ ಆಗ್ತದೆ" ಎಂದರು. ಮನೆಗೆ ಬಂದು ಹೇಳಿದಾಗ ಪಾಲಿಟೆಕ್ನಿಕ್‌ನಲ್ಲಿ ಕಲಿಯುವ ಮಗ ಮೊಬೈಲಿನಲ್ಲಿ ನಾಲ್ಕು ವೀಡಿಯೋ ನೋಡಿ ಮುಗಿಸಿದ್ದ. "ಉಮ್ಮಾ, ನಾನೇ ಹಾಕ್ತೇನೆ. ನಾಲ್ಕು ಬೋಲ್ಟು, ಎರಡು ಪೈಪು, ಅಷ್ಟೇ." ನಾನು ಚಹಾ ತರುವಷ್ಟರಲ್ಲಿ ಪೈಪಿನ ನಟ್ಟಿಗೆ ಸ್ಪ್ಯಾನರ್ ಇಟ್ಟಿದ್ದ. ನಾನು ಕೂಗಿ ತಡೆದೆ. ತಿಳುವಳಿಕೆಯಿಂದ ತಡೆದದ್ದಲ್ಲ, ಹೆದರಿಕೆಯಿಂದ. ಉಡುಪಿಯಲ್ಲಿ ಕಾರ್ ಎ.ಸಿ. ಕೆಲಸವನ್ನೇ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದಾಗ ಅವರು ಹೇಳಿದ ಮೊದಲ ಮಾತು: "ಅಕ್ಕಾ, ಪೈಪಿಗೆ ಮಾತ್ರ ಕೈ ಹಾಕ್ಬೇಡ ಅಂತ ಹೇಳಿ. ಗಾಡಿ ಇಲ್ಲಿಗೆ ತನ್ನಿ."

ಹಳೆಯ ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸ್ ಹೊರಗಿನ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಪೈಪಿನೊಳಗೆ, ಎಂಜಿನ್ ನಿಂತಿರುವಾಗಲೂ, ನಮ್ಮೂರ ಸೆಕೆಯಲ್ಲಿ ಕಾರಿನ ಟಯರಿನ ಸುಮಾರು ಮೂರು ಪಟ್ಟು ಒತ್ತಡವಿರುತ್ತದೆ. ನಟ್ಟು ಸಡಿಲಿಸಿದೊಡನೆ ಅದು ಚಿಮ್ಮಿ ಚರ್ಮಕ್ಕೆ ತಾಗಿದರೆ ಬೆಂಕಿ ತಾಗಿದಂತೆ ಗಾಯ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬೆಂಕಿಗೆ ಸಿಕ್ಕಿದರೆ ವಿಷದ ಹೊಗೆಯಾಗುತ್ತದೆ. ಮಗನಿಗೆ ಇಷ್ಟನ್ನೂ ಅವರೇ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಅವನು ಮರುದಿನ ನನಗೆ ಹೇಳದೆ ಬಿಚ್ಚುತ್ತಿದ್ದ.

ಅವರು ಮೊದಲು ನೋಡಿದ್ದು ಕಂಪ್ರೆಸರ್ ನಿಜವಾಗಿಯೂ ಕೆಟ್ಟಿದೆಯೇ ಎಂದು. ಎ.ಸಿ. ತಣ್ಣಗಾಗದಿದ್ದರೆ ಕಂಪ್ರೆಸರೇ ಸತ್ತಿರಬೇಕೆಂದಿಲ್ಲ. ಫ್ಯೂಸ್ ಸುಟ್ಟಿರಬಹುದು, ರಿಲೇ ಕೆಟ್ಟಿರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗ ಕಂಪ್ರೆಸರನ್ನು ಉಳಿಸುವುದಕ್ಕಾಗಿಯೇ ಒಂದು ಸ್ವಿಚ್ ಅದನ್ನು ತಡೆಹಿಡಿದಿರಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿ ಬರುವ ಇಲಿ ವಯರು ಕಡಿದಿರಬಹುದು. ಇದು ನಮ್ಮ ಕಡೆ ಸಾಮಾನ್ಯ. ಇವು ಯಾವುದಕ್ಕೂ 30 ಸಾವಿರ ಬೇಕಿಲ್ಲ. ನಮ್ಮ ಕಾರಿನಲ್ಲಿ ಅವರು ಪುಲ್ಲಿಯ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಿದರು, ಅದು ಅಲುಗಲಿಲ್ಲ. ಮೊದಲ ಗ್ಯಾರೇಜಿನವರು ರೋಗದ ಹೆಸರನ್ನು ಸರಿಯಾಗಿಯೇ ಹೇಳಿದ್ದರು, ಕಾರಣ ಹೇಳಿರಲಿಲ್ಲ. ಕಾರಣ ಸಿಕ್ಕಿದ್ದು ಕಂಡೆನ್ಸರ್‌ನಲ್ಲಿ. ಅದರ ಅಲ್ಯೂಮಿನಿಯಂ ರೆಕ್ಕೆಗಳು ಒಂದು ಮೂಲೆಯಲ್ಲಿ ಬೆಳ್ಳಗೆ ಪುಡಿಯಾಗಿ, ಎಣ್ಣೆಯ ಕಲೆ ಹಿಡಿದಿತ್ತು. ಮನೆ ಸಮುದ್ರದ ಬದಿ, ಉಪ್ಪುಗಾಳಿ. ದೀಪಸ್ತಂಭ ನೋಡಲು ಬರುವವರಿಗೆ ಅದು ತಂಪು, ಅಲ್ಲೇ ನಿಲ್ಲುವ ಕಾರಿಗೆ ಅಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಗ್ಯಾಸಿನ ಕೆಲಸ ಅವರದು, ಸ್ಪ್ಯಾನರಿನ ಕೆಲಸ ಮಗನದು. ಉಳಿದಿದ್ದ ಗ್ಯಾಸನ್ನು ಅವರು ಯಂತ್ರದಿಂದ ಎಳೆದು ಸಿಲಿಂಡರಿನಲ್ಲಿ ಇಟ್ಟುಕೊಂಡರು, ಗಾಳಿಗೆ ಬಿಡಲಿಲ್ಲ. ಕ್ಲಚ್ಚಿನ ವಯರು ಕಳಚಿ, ಪುಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿ, ಕಾರನ್ನು ಮನೆಗೆ ಕಳುಹಿಸಿದರು. ಬೆಲ್ಟಿನೊಂದಿಗೆ ಪುಲ್ಲಿ ಮಾತ್ರ ತಿರುಗುತ್ತದೆ, ಕಂಪ್ರೆಸರ್ ತಿರುಗುವುದಿಲ್ಲ.

ಕೆಲಸ ನಡೆದದ್ದು ಎರಡು ದಿನ, ಅಸರ್ ಮತ್ತು ಮಗ್ರಿಬ್ ನಡುವೆ, ಅಂಗಳದಲ್ಲಿ ನೆರಳು ಬಿದ್ದ ಮೇಲೆ. ಬ್ಯಾಟರಿಯ ನೆಗೆಟಿವ್ ತೆಗೆದು, ಬೆಲ್ಟ್ ಸಡಿಲಿಸಿ, ಪೈಪು ಕಳಚಿದಾಗ ಹೊರಬಂದ ಎಣ್ಣೆ ಕಪ್ಪಗಿತ್ತು. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಮಿನುಗುವ ಲೋಹದ ಪುಡಿ. ಕಂಪ್ರೆಸರ್ ತನ್ನನ್ನೇ ತಿಂದುಕೊಂಡಿತ್ತು. ಆ ಪುಡಿ ಪೈಪುಗಳಲ್ಲಿ ಉಳಿದರೆ ಹೊಸ ಕಂಪ್ರೆಸರೂ ಕೆಲವೇ ದಿನಗಳಲ್ಲಿ ಅದೇ ದಾರಿ ಹಿಡಿಯುತ್ತದೆ. ಮನೆಯಲ್ಲೇ ಕಂಪ್ರೆಸರ್ ಬದಲಿಸಿದವರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಮಗ ಪೈಪುಗಳನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿನಲ್ಲಿ ಉಡುಪಿಗೆ ಒಯ್ದು ತೊಳೆಸಿ ತಂದ. ಕಂಡೆನ್ಸರ್, ಅದರೊಳಗಿನ ಡ್ರೈಯರ್, ಎಕ್ಸ್‌ಪ್ಯಾನ್ಶನ್ ವಾಲ್ವ್ ಮೂರನ್ನೂ ಹೊಸದು ಹಾಕಬೇಕಾಯಿತು. "ಗುಜರಿಯಲ್ಲಿ ಹಳೆ ಕಂಪ್ರೆಸರ್ ಸಿಗುವುದಿಲ್ಲವಾ?" ಎಂದು ಯಜಮಾನರು ದಮ್ಮಾಮ್‌ನಿಂದ ಕೇಳಿದರು. ಸಿಗುತ್ತದೆ. ಆದರೆ ಅದು ಯಾವ ಕಾರಿನಲ್ಲಿ ಎಷ್ಟು ದಿನ ಬಾಯಿ ತೆರೆದು ಬಿದ್ದಿತ್ತೋ ಯಾರು ಹೇಳುತ್ತಾರೆ?

ಬಾಯಿ ತೆರೆದಿಡುವುದೆಂದರೆ ಸಣ್ಣ ಮಾತಲ್ಲ. ಈ ಎಣ್ಣೆ ಎಂಜಿನ್ ಆಯಿಲ್ ಅಲ್ಲ, ಪಿ.ಎ.ಜಿ. ಎಂಬ ಬೇರೆಯೇ ಎಣ್ಣೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿಯಂತೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಗ್ಯಾಸಿನೊಡನೆ ಸೇರಿದರೆ ಆಮ್ಲವಾಗಿ ಒಳಗಿನಿಂದಲೇ ತಿನ್ನುತ್ತದೆ. ಆದ್ದರಿಂದ ಪ್ರತಿ ಪೈಪಿನ ಬಾಯಿಗೂ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು ಅತ್ತೆ. ಜಗಲಿಯಲ್ಲಿ ಕುಳಿತು ಅವರು ಮಾಡಬಹುದಾದ ಕೆಲಸ ಅದೊಂದೇ ಆಗಿತ್ತು, ಒಂದನ್ನೂ ಬಿಡಲಿಲ್ಲ. ಕೂಡಿಸುವಾಗ ಪ್ರತಿ ಕೀಲಿಗೂ ಹೊಸ ರಬ್ಬರ್ ರಿಂಗ್ ಹಾಕಿ, ಅದೇ ಎಣ್ಣೆ ಸವರಿ, ಕಂಪ್ರೆಸರನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿದ್ದಾಯಿತು.

ಮತ್ತೆ ಉಡುಪಿಗೆ. ಯಂತ್ರ ಮುಕ್ಕಾಲು ಗಂಟೆ ಪೈಪುಗಳೊಳಗಿನ ಗಾಳಿಯನ್ನೆಲ್ಲ ಹೀರಿತು. ಆ ನಿರ್ವಾತದಲ್ಲಿ ಉಳಿದ ತೇವವೂ ಹಬೆಯಾಗಿ ಹೊರಹೋಗುತ್ತದೆ. ಮುಳ್ಳು ಸ್ವಲ್ಪ ಹೊತ್ತು ಅಲುಗದೆ ನಿಂತರೆ ಸೋರಿಕೆಯಿಲ್ಲ. ಆಮೇಲೆ ಗ್ಯಾಸನ್ನು ತಕ್ಕಡಿಯಲ್ಲಿಟ್ಟು ತೂಗಿ ತುಂಬಿಸಿದರು. ಹೌದು, ತೂಗಿ! ಬೋನೆಟ್ಟಿನೊಳಗೆ ಅಂಟಿಸಿದ ಚೀಟಿಯಲ್ಲಿ ಇಷ್ಟೇ ಗ್ರಾಂ ಎಂದು ಬರೆದಿರುತ್ತದೆ. ನಮ್ಮದಕ್ಕೆ 400 ಗ್ರಾಂ. ಕಡಿಮೆಯಾದರೆ ಎಣ್ಣೆ ಹರಿಯುವುದಿಲ್ಲ, ಹೆಚ್ಚಾದರೆ ಕಂಪ್ರೆಸರಿಗೆ ಭಾರ. ಹಿಂದೆ ಮೂರು ಸಲ ತುಂಬಿಸಿದಾಗ ನಾನು ತಕ್ಕಡಿಯನ್ನು ಕಂಡಿರಲಿಲ್ಲ. ಅಳತೆ ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುವ 'ಅಲ್ ಮುತಫ್ಫಿಫೀನ್' ಅಧ್ಯಾಯವನ್ನು ನಾವು ಅಕ್ಕಿ, ಚಿನ್ನದ ಅಂಗಡಿಗೆ ಮಾತ್ರ ಅನ್ವಯಿಸುತ್ತೇವೆ. ಗ್ಯಾರೇಜಿನಲ್ಲೂ ಕೇಳಿ: ಎಷ್ಟು ಗ್ರಾಂ ಹಾಕಿದಿರಿ? ಬಿಲ್ಲಿನಲ್ಲಿ ಬರೆಯಿರಿ.

ಗಾಳಿಗೆ ಬಿಡಬಾರದೆಂದು ಅವರು ಹಟ ಹಿಡಿದದ್ದಕ್ಕೂ ಕಾರಣವಿದೆ. ಮೊದಲು ಕಾರುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಹರಿಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅದನ್ನು ಕೈಬಿಡಲಾಯಿತು. ಬದಲಿಗೆ ಬಂದ ಆರ್-134ಎ ಓಝೋನಿಗೆ ಕೇಡು ಮಾಡುವುದಿಲ್ಲ, ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಕಿಲೋ ಗ್ಯಾಸ್ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ಕಾರಿನ 400 ಗ್ರಾಂ ಬಿಟ್ಟರೆ ಸುಮಾರು 240 ಲೀಟರ್ ಪೆಟ್ರೋಲ್ ಸುಟ್ಟಷ್ಟು ಕೇಡು. 2016ರಲ್ಲಿ ಕಿಗಾಲಿಯಲ್ಲಿ ಇದನ್ನೂ ಹಂತ ಹಂತವಾಗಿ ಕಡಿಮೆ ಮಾಡಲು ದೇಶಗಳು ಒಪ್ಪಿದವು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು. ನಾನು ಮೂರು ಸಲ ತುಂಬಿಸಿದ್ದೆಲ್ಲ ಎಲ್ಲಿಗೆ ಹೋಯಿತೆಂದು ನೀವೇ ಲೆಕ್ಕ ಹಾಕಿ.

ಖರ್ಚು? ಸಾಮಾನು, ಗ್ಯಾಸು, ತೊಳೆದದ್ದು ಎಲ್ಲ ಸೇರಿ 26 ಸಾವಿರ. ಮನೆಯಲ್ಲೇ ಮಾಡಿ ಉಳಿಸಿದ್ದು ನಾಲ್ಕು ಸಾವಿರ ಮಾತ್ರ; ಆ ವಾರ ಅತ್ತೆಯನ್ನು ಕರೆದೊಯ್ದ ರಿಕ್ಷಾ ಬಾಡಿಗೆ ಅದರಲ್ಲಿ ಕಳೆಯಬೇಕು. ಮೊದಲ ವರ್ಷವೇ ಸೋರಿಕೆ ಹುಡುಕಿಸಿದ್ದರೆ ಕಂಡೆನ್ಸರ್ ಒಂದರಲ್ಲೇ ಮುಗಿಯುತ್ತಿತ್ತು. ಈಗ ವಾರಕ್ಕೊಮ್ಮೆ ಕಂಡೆನ್ಸರ್‌ಗೆ ಸಾದಾ ನೀರು ಹಾಯಿಸುತ್ತೇನೆ. ರಭಸವಾಗಿ ಅಲ್ಲ, ಗಿಡಕ್ಕೆ ಹಾಯಿಸಿದಂತೆ. ಮಳೆಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಎ.ಸಿ. ಹಾಕುತ್ತೇನೆ; ಎಣ್ಣೆ ಹರಿದು ಸೀಲುಗಳು ಒಣಗುವುದಿಲ್ಲ, ಗಾಜಿನ ಮಂಜೂ ಹೋಗುತ್ತದೆ. ಒಂದು ಮಾತು ಮಾತ್ರ ಖಂಡಿತ: ಎ.ಸಿ. ಇದೆಯೆಂದು ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಇಳಿಯಬೇಡಿ. ಎಂಜಿನ್ ನಿಂತರೆ ಬಿಸಿಲಲ್ಲಿ ಕಾರು ಒಲೆಯಾಗಲು ಕೆಲವು ನಿಮಿಷ ಸಾಕು.

ಸುದ್ದಿ ಕಾರ್ಕಳಕ್ಕೆ ಮುಟ್ಟಿ, ತಮ್ಮನ ಫೋನ್ ಬಂತು. ತನ್ನ ಕಾರಿನ ಎ.ಸಿ.ಯನ್ನೂ ಅಳಿಯನಿಂದಲೇ ಮಾಡಿಸಬೇಕಂತೆ. ಅವನದು ಹೈಬ್ರಿಡ್ ಕಾರು. ಅದರ ಕಂಪ್ರೆಸರಿಗೆ ಬೆಲ್ಟಿಲ್ಲ, ನೂರಾರು ವೋಲ್ಟಿನ ವಿದ್ಯುತ್ತಿನಿಂದ ನಡೆಯುತ್ತದೆ. ಕಿತ್ತಳೆ ಬಣ್ಣದ ವಯರು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಎಣ್ಣೆಯೂ ಬೇರೆ. ಮಗ ಅದನ್ನೆಲ್ಲ ಓದಿ ತಿಳಿದು, "ಮಾಮಾ, ಅದು ನನ್ನಿಂದಾಗದು, ಕಂಪೆನಿಯವರಿಗೇ ಕೊಡಿ" ಎಂದ.