ಹಳೆಯ ಮೋಟಾರು ಸೈಕಲ್ಲು: ಮೊದಲು ಕಾರಣ, ಆಮೇಲೆ ಬಣ್ಣ

ಹಳೆಯ ಮೋಟಾರು ಸೈಕಲ್ಲುಗಳನ್ನು ಮನೆಯ ಅಂಗಳದಲ್ಲಿಯೇ ಬಿಚ್ಚಿ ಸರಿಪಡಿಸುವ ಹವ್ಯಾಸವು ಈಚೆಗೆ ನಮ್ಮ ಊರುಗಳಲ್ಲಿ ಹಬ್ಬುತ್ತಿರುವುದು ಸಂತೋಷದ ವಿಷಯವೇ ಸರಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಗಾಡಿಗಳೂ, 1973ರಿಂದ ಅಲ್ಲಿಂದಲೇ ಹೊರಬಂದ ಯೆಜ್ಡಿ ಗಾಡಿಗಳೂ, 1996ರಲ್ಲಿ ಆ ಕಾರ್ಖಾನೆ ಮುಚ್ಚಿಹೋದ ಮೇಲೆ ಎಷ್ಟೋ ಮನೆಗಳ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಈಗ ಅವು ಮತ್ತೆ ಬೀದಿಗೆ ಬರುತ್ತಿವೆ. ಆದರೆ ಈ ಹವ್ಯಾಸವು ಹಿಡಿದಿರುವ ದಾರಿಯ ವಿಷಯದಲ್ಲಿ ನನಗೊಂದು ಆಕ್ಷೇಪವಿದೆ. ಗಾಡಿ ಕೈಗೆ ಬಂದೊಡನೆ ಬಣ್ಣ, ಕ್ರೋಮಿಯಂ ಲೇಪ, ಹೊಸ ಸೀಟು. ಎಂಜಿನು ಮೊಂಡು ಹಿಡಿದರೆ ಒಂದಾದ ಮೇಲೊಂದು ಹೊಸ ಭಾಗ. ಕೆಟ್ಟದ್ದು ಏಕೆ ಕೆಟ್ಟಿತು ಎಂದು ಕೇಳುವವರು ವಿರಳ.

ಇದನ್ನು ಪರೋಪದೇಶವೆಂದು ವಾಚಕರು ಭಾವಿಸಬಾರದು. ಆ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ತಾತನವರು 1966ರಲ್ಲಿ ಕೊಂಡ ಜಾವಾ ಗಾಡಿಯನ್ನು ಮೂರು ವರ್ಷಗಳ ಹಿಂದೆ ಕೊಟ್ಟಿಗೆಯಿಂದ ಹೊರಗೆಳೆದೆ. ಎರಡು ವಾರದ ಶ್ರಮದ ನಂತರ ಅದು ಸದ್ದು ಮಾಡಿತು. ಮನೆಯವರೆಲ್ಲರೂ ಬಾಗಿಲಿಗೆ ಬಂದರು. ಆದರೆ ನಾಲ್ಕೈದು ಮೈಲಿ ಓಡಿದೊಡನೆ ಅದು ಕೆಮ್ಮುತ್ತ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಮರದ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಲೇ ಇಲ್ಲವೆಂಬಂತೆ ಹೊರಡುತ್ತಿತ್ತು. ಕಾರ್ಬ್ಯುರೇಟರೇ ಕಾರಣವೆಂದು ಒಬ್ಬರೆಂದರು. ಅದನ್ನು ಮೂರು ಸಲ ತೊಳೆದೆ. ಪ್ಲಗ್ಗು ಬದಲಿಸಿದೆ. ಕಡೆಗೆ ಕಾಯಿಲನ್ನೂ ಬದಲಿಸಿ, ಹಳೆಯದನ್ನು ಗುಜರಿಯವನಿಗೆ ಕೊಟ್ಟೆ. ರೋಗ ಇದ್ದಲ್ಲಿಯೇ ಇತ್ತು.

ಒಂದು ರಾತ್ರಿ ಎಂಜಿನಿನ ಬಲಬದಿಯ ಮುಚ್ಚಳವನ್ನು ತೆಗೆದು, ದೀಪವಾರಿಸಿ, ಗಾಡಿಯನ್ನು ಓಡುವ ಸ್ಥಿತಿಯಲ್ಲಿ ನಿಲ್ಲಿಸಿ ನೋಡಿದೆ. ಎಂಜಿನು ತಣ್ಣಗಿರುವಾಗ ಪಾಯಿಂಟುಗಳ ನಡುವೆ ಕಂಡೂ ಕಾಣದಂತಹ ಕಿಡಿ. ಬಿಸಿಯೇರಿದಂತೆ ಅದು ನೀಲಿಬಿಳುಪಾಗಿ ಪ್ರಜ್ವಲಿಸತೊಡಗಿತು. ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನು ನಿಂತಿತು. ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲಿ ಹಾರುತ್ತಿತ್ತು! ಕೆಟ್ಟಿದ್ದುದು ಕಂಡೆನ್ಸರು. ಕಾಲೇಜಿನ ಕರಿಹಲಗೆಯ ಮೇಲೆ ವರ್ಷವರ್ಷವೂ ಅದರ ಸೂತ್ರವನ್ನು ಬರೆಯುವವನು ಅದನ್ನೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಶಂಕಿಸಿದ್ದೆ.

ಇಲ್ಲಿ ನಡೆಯುವುದು ಇಷ್ಟು. ಪಾಯಿಂಟುಗಳು ಕೂಡಿರುವಾಗ 6 ವೋಲ್ಟಿನ ಬ್ಯಾಟರಿಯಿಂದ ಕಾಯಿಲಿನ ಪ್ರಥಮ ಸುರುಳಿಯಲ್ಲಿ ಕೆಲವು ಆಂಪಿಯರುಗಳ ಪ್ರವಾಹ ಹರಿದು, ಅದರ ಸುತ್ತ ಕಾಂತಕ್ಷೇತ್ರವೇರ್ಪಡುತ್ತದೆ. ಪಾಯಿಂಟುಗಳು ಅಗಲಿದ ಕ್ಷಣದಲ್ಲಿ ಆ ಕ್ಷೇತ್ರ ಕುಸಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದ ಪ್ರಕಾರ, ಕುಸಿತವು ಎಷ್ಟು ಶೀಘ್ರವೋ ದ್ವಿತೀಯ ಸುರುಳಿಯಲ್ಲಿ ಪ್ರೇರಿತವಾಗುವ ವೋಲ್ಟೇಜು ಅಷ್ಟು ಅಧಿಕ. ಪ್ಲಗ್ಗಿನ ಕಿಡಿಗೆ 10,000 ವೋಲ್ಟಿನಷ್ಟಾದರೂ ಬೇಕು. ಆದರೆ ಪ್ರವಾಹವು ಸುಲಭವಾಗಿ ನಿಲ್ಲುವ ಸ್ವಭಾವದ್ದಲ್ಲ. ಅಗಲುತ್ತಿರುವ ಪಾಯಿಂಟುಗಳ ಸಂದಿನಲ್ಲಿ ಕಿಡಿಯಾಗಿ ಜಿಗಿದು ಹರಿಯುತ್ತಲೇ ಇರಲು ನೋಡುತ್ತದೆ. ಆಗ ಕುಸಿತ ನಿಧಾನವಾಗುತ್ತದೆ. ಅಡ್ಡಲಾಗಿ ಒಂದು ಕಂಡೆನ್ಸರನ್ನು ಜೋಡಿಸಿದರೆ, ಪಾಯಿಂಟುಗಳು ಸಾಕಷ್ಟು ದೂರ ಸರಿಯುವವರೆಗೆ ಪ್ರವಾಹವನ್ನು ಅದು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಪ್ರೇರಣಾ ಸುರುಳಿಗೆ ಈ ಉಪಾಯವನ್ನು 1853ರಲ್ಲಿ ಜೋಡಿಸಿದವನು ಫ್ರಾನ್ಸಿನ ಫಿಜೋ. ಬೆಳಕಿನ ವೇಗವನ್ನು ಹಲ್ಲುಚಕ್ರದಿಂದ ಅಳೆದವನೂ ಅವನೇ. ಎಂಜಿನು ನಿಮಿಷಕ್ಕೆ 4,000 ಸುತ್ತು ತಿರುಗುವಾಗ, ಎರಡು ಸ್ಟ್ರೋಕಿನ ಜಾವಾದಲ್ಲಿ ಈ ನಾಟಕ ಸೆಕೆಂಡಿಗೆ 66 ಬಾರಿಗೂ ಮಿಗಿಲಾಗಿ ನಡೆಯುತ್ತದೆ.

ಕಳಚಿದ ಕಂಡೆನ್ಸರನ್ನು, ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕುದಿಯುವ ನೀರಿನಲ್ಲಿಳಿಸಿ ಮೀಟರು ಹಚ್ಚಿದೆ. ತಣ್ಣಗಿದ್ದಾಗ ಪ್ರವಾಹವನ್ನು ಪೂರ್ಣವಾಗಿ ತಡೆಯುತ್ತಿದ್ದ ಒಳಪದರವು ಬಿಸಿಯಲ್ಲಿ ಸೋರುತ್ತಿತ್ತು. ಹೊಸ ಕಂಡೆನ್ಸರಿನ ಬೆಲೆ ಕಾಯಿಲಿನ ಬೆಲೆಯ ಒಂದು ಸಣ್ಣ ಅಂಶ ಮಾತ್ರ. ಹಣ ಹೋದದ್ದಕ್ಕೆ ನನಗೆ ಅಷ್ಟು ವ್ಯಥೆಯಿಲ್ಲ; ಅರ್ಧ ಶತಮಾನಕ್ಕೂ ಮೀರಿ ಬಾಳಿದ, ಯಾವ ದೋಷವೂ ಇಲ್ಲದ ಆ ಕಾಯಿಲನ್ನು ತಾಮ್ರದ ತೂಕಕ್ಕೆ ಕೊಟ್ಟುಬಿಟ್ಟೆನಲ್ಲಾ ಎಂಬುದೇ ಇಂದಿಗೂ ಚುಚ್ಚುವ ಮಾತು. ಆ ಕಾರ್ಖಾನೆ ಅಂತಹ ಇನ್ನೊಂದನ್ನು ಕಳುಹಿಸಿಕೊಡುವುದಿಲ್ಲ.

ಪಾಯಿಂಟು, ಕಂಡೆನ್ಸರುಗಳ ಗೊಡವೆಯೇ ಬೇಡ, ಎಲೆಕ್ಟ್ರಾನಿಕ್ ಜೋಡಣೆಯನ್ನು ಹಾಕಿಸಿರಿ ಎನ್ನುವವರಿದ್ದಾರೆ. ಅದರಲ್ಲಿ ಸವೆಯುವ ಪಾಯಿಂಟುಗಳಿಲ್ಲ, ಕಿಡಿಯೂ ಬಲವಾದುದು. ನನ್ನ ಗಾಡಿಯ ರೋಗವೂ ಅದರಿಂದ ವಾಸಿಯಾಗುತ್ತಿತ್ತೆಂಬುದನ್ನು ಒಪ್ಪಲೇಬೇಕು. ದಿನವೂ ಕೆಲಸಕ್ಕೆ ಅದರಲ್ಲೇ ಹೋಗತಕ್ಕವರು ಹಾಗೆಯೇ ಮಾಡಲಿ, ಆದರೆ ಬಿಚ್ಚಿದ ಮೂಲಭಾಗಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಇಡಲಿ. ನಾನು ಪಾಯಿಂಟನ್ನೇ ಉಳಿಸಿಕೊಂಡಿರುವುದಕ್ಕೆ ಕಾರಣ ಬೇರೆ. ಅಲ್ಲಿ ನಡೆಯುವುದೆಲ್ಲವೂ ಕಣ್ಣಿಗೆ ಕಾಣುತ್ತದೆ, ಮೊಹರು ಮಾಡಿದ ಡಬ್ಬಿಯಲ್ಲಿ ಏನೂ ಕಾಣುವುದಿಲ್ಲ.

ಹಳೆಯದೆಂಬ ಮಾತ್ರಕ್ಕೆ ಎಲ್ಲವನ್ನೂ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಟೈರು, ಬ್ರೇಕಿನ ಪಟ್ಟಿ, ಕೇಬಲ್ಲುಗಳಲ್ಲಿ ಭಾವುಕತೆ ಸಲ್ಲದು. ಕ್ರ್ಯಾಂಕಿನ ಬದಿಯ ರಬ್ಬರು ಸೀಲುಗಳೂ ಹಾಗೆಯೇ: ಒಣಗಿ ಬಿರುಕುಬಿಟ್ಟರೆ ಒಂದು ಕಡೆಯಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಇನ್ನೊಂದು ಕಡೆಯಿಂದ ಗೇರಿನ ಎಣ್ಣೆ ಒಳಸೇರಿ ಬಿಳಿಯ ಹೊಗೆಯೇಳುತ್ತದೆ. ಈಗ ಬರುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಮತ್ತಷ್ಟು ಶತ್ರು. ಜೊತೆಗೆ, ಎರಡು ಸ್ಟ್ರೋಕಿನ ಎಂಜಿನು ಒಂದಿಷ್ಟು ಪೆಟ್ರೋಲನ್ನು ಉರಿಸದೆಯೇ ಹೊರಗಟ್ಟುವುದರಿಂದ, ಅದನ್ನು ಊರಿನ ಸಂದಣಿಯಲ್ಲಿ ನಿತ್ಯವೂ ಓಡಿಸುವುದು ನೆರೆಹೊರೆಯವರಿಗೆ ಮಾಡುವ ಉಪಕಾರವಲ್ಲ. ನಾನು ಭಾನುವಾರ ಬೆಳಗ್ಗೆ ಮಾತ್ರ ಹೊರತೆಗೆಯುತ್ತೇನೆ.

ಸೋರುತ್ತಿದ್ದ ಆ ಕಂಡೆನ್ಸರು ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿದೆ. ತಣ್ಣಗಿರುವಾಗ ಅಳೆಸಿ, ಆಮೇಲೆ ಬಿಸಿನೀರು ತರಿಸುತ್ತೇನೆ. ಕಳೆದ ವರ್ಷ ಅದನ್ನು ಅಳೆದ ಹುಡುಗಿಯೊಬ್ಬಳು, ತನ್ನ ಅಜ್ಜನ ಗಾಡಿಯೂ ಬಿಸಿಯಾದೊಡನೆ ನಿಲ್ಲುತ್ತದೆಂದೂ, ಅದನ್ನು ಮಾರಲು ಮಾತುಕತೆ ನಡೆದಿದೆಯೆಂದೂ ಹೇಳಿ, ಮೀಟರನ್ನು ಎರಡು ದಿನಕ್ಕೆ ಕಡ ಕೇಳಿದಳು. ಕೊಟ್ಟೆ. ನಮ್ಮ ಗಾಡಿಯ ಬಣ್ಣ ಮಾತ್ರ ಇನ್ನೂ 1966ರದ್ದೇ ಇದೆ. ಟ್ಯಾಂಕಿನ ಮೇಲೆ ತಾತನವರ ಮೊಣಕಾಲು ಉಜ್ಜಿ ಮಾಸಿದ ಎರಡು ಗುರುತುಗಳೂ ಇವೆ.